ಹೊಸ ಥರ್ಮೋಸ್ಟಾಟ್ ಹಾಕಿದರೂ ಲಾರಿ ಎಂಜಿನ್ ಬಿಸಿ ಏರುತ್ತಿಲ್ಲ. ಎಲ್ಲಿ ನೋಡಲಿ?

ಹತ್ತು_ಚಕ್ರ

ಎಲ್ಲರಿಗೂ ನಮಸ್ಕಾರ. ಎಂಜಿನ್ ಕಾಯುತ್ತದೆ ಅಂತ ಕೇಳುವವರೇ ಇಲ್ಲಿ ಜಾಸ್ತಿ. ನನ್ನದು ಉಲ್ಟಾ ಕೇಸು. ಕಾಯುವುದೇ ಇಲ್ಲ.

ಆರು ಸಿಲಿಂಡರಿನ ಟರ್ಬೊ ಡೀಸೆಲ್, ಹದಿನಾರು ವರ್ಷ ಹಳೆಯದು. ಮೊದಲೆಲ್ಲ ಹೊರಟು ಹದಿನೈದು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಅಲ್ಲೇ ಕೂರುತ್ತಿತ್ತು. ಒಂದು ತಿಂಗಳಿಂದ ಕಾಲು ಭಾಗ ದಾಟುವುದೇ ಕಷ್ಟ. ಲೋಡ್ ಹಾಕಿ ಏರು ಹತ್ತಿಸಿದರೆ ಸ್ವಲ್ಪ ಮೇಲೆ ಬರುತ್ತದೆ. ಇಳಿಜಾರಿಗೆ ಬಿಟ್ಟ ಕೂಡಲೇ ಮತ್ತೆ ಕೆಳಗೆ. ಖಾಲಿ ಗಾಡಿಯಲ್ಲಂತೂ ಮುಳ್ಳು ಮಲಗಿಯೇ ಇರುತ್ತದೆ.

ಕ್ಯಾಬಿನ್ ಹೀಟರ್‌ನಿಂದ ಬರುವುದು ಉಗುರುಬೆಚ್ಚಗಿನ ಗಾಳಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬೇಗ ಹೋಗುವುದಿಲ್ಲ. ಡೀಸೆಲ್ ಕೂಡ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ. ಎಂಜಿನ್ ತಣಿಸುವ ಕೂಲೆಂಟ್ ಲೆವೆಲ್ ಸರಿಯಿದೆ, ಸೋರಿಕೆ ಕಾಣುತ್ತಿಲ್ಲ. ಹೋದ ವಾರ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಹೊಸದು ಹಾಕಿಸಿದೆ. ಏನೂ ವ್ಯತ್ಯಾಸ ಇಲ್ಲ. ಇನ್ನು ಯಾವುದನ್ನು ಬಿಚ್ಚಲಿ?

ಲೋಡ್‌ಗಾಡಿ

ಅಣ್ಣ, ತಂಪಾಗಿದ್ದರೆ ಒಳ್ಳೇದೇ ಅಲ್ವಾ? ನನ್ನ ಗಾಡಿಯ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಮೂರು ವರ್ಷ ಆಯಿತು. ಒಂದು ದಿನ ಕಾದಿಲ್ಲ. ಎಂಜಿನ್ ಆಯಿಲ್ ಕೂಡ ಒಂದು ಹನಿ ಕುಡಿಯುವುದಿಲ್ಲ, ಎರಡು ಸರ್ವಿಸ್ ನಡುವೆ ಮೇಲೆ ಹಾಕಿದ್ದೇ ಇಲ್ಲ. ಸುಮ್ನೆ ಓಡಿಸಿ.

ಗ್ರೀಸ್‌ಕೈ

ಲೋಡ್‌ಗಾಡಿಯವರೇ, ಈ ಮಾತು ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ತಂಪಾದಷ್ಟೂ ಒಳ್ಳೆಯದು ಅನ್ನುವುದು ಹಾಲಿನ ಡಬ್ಬಿಗೆ ಸರಿ. ಡೀಸೆಲ್ ಎಂಜಿನ್‌ಗೆ ಅಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಪ್ಲಗ್‌ನ ಕಿಡಿ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ಓಡಾಡುವ ಲೈನರ್ ಗೋಡೆ ತಣ್ಣಗಿದ್ದರೆ ಸ್ವಲ್ಪ ಡೀಸೆಲ್ ಉರಿಯುವುದೇ ಇಲ್ಲ. ಒಂದಷ್ಟು ಬಿಳಿ ಹೊಗೆಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ಇನ್ನೊಂದಷ್ಟು ಗೋಡೆಗೆ ಅಂಟಿ, ಅಲ್ಲಿರುವ ಆಯಿಲ್ ಪದರವನ್ನು ತೊಳೆದುಕೊಂಡು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ರಿಂಗೂ ಲೈನರೂ ಒಣಗಿ ತಿಕ್ಕಾಡುತ್ತವೆ, ಆಯಿಲ್ ತೆಳ್ಳಗಾಗುತ್ತದೆ.

ನೀರಿನ ಕಥೆ ಬೇರೆ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟ, ಆದರೆ ನಿಜ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ರಿಂಗ್ ದಾಟಿ ಕೆಳಗೆ ಬಂದ ಆವಿ ಬಿಸಿ ಎಂಜಿನ್‌ನಲ್ಲಾದರೆ ಬ್ರೀದರ್ (ಗಾಳಿ ಹೊರಬಿಡುವ ಕೊಳವೆ) ಮೂಲಕ ಆಚೆ ಹೋಗುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಅಲ್ಲೇ ನೀರಾಗಿ ಆಯಿಲ್ ಜೊತೆ ಕಲೆತು ಕೆಸರಾಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಥರದ್ದು ಅಂಟಿರುತ್ತದಲ್ಲ, ಅದೇ. ಅದನ್ನು ನೋಡಿ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿದೆ ಅಂತ ಹೆಡ್ ಇಳಿಸಿದವರೂ ಇದ್ದಾರೆ.

ಇನ್ನೊಂದು ವಿಷಯ. ಥರ್ಮೋಸ್ಟಾಟ್ ಕಿತ್ತರೆ ಯಾವಾಗಲೂ ತಂಪು ಅನ್ನುವುದೂ ಪೂರ್ತಿ ನಿಜವಲ್ಲ. ತುಂಬ ಎಂಜಿನ್‌ಗಳಲ್ಲಿ ಆ ವಾಲ್ವ್‌ನ ಒಂದು ತುದಿ ರೇಡಿಯೇಟರ್ ದಾರಿ ತೆರೆಯುತ್ತದೆ, ಇನ್ನೊಂದು ತುದಿ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಲೋಡ್ ಹಾಕಿ ಬೇಸಿಗೆಯಲ್ಲಿ ಉದ್ದ ಏರು ಹತ್ತುವಾಗ ಒಂದು ಪಾಲು ಕೂಲೆಂಟ್ ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಬರುತ್ತದೆ. ಖಾಲಿ ಇದ್ದಾಗ ತಣ್ಣಗೆ, ಬೇಕಾದಾಗ ಕುದಿ. ಎರಡೂ ಕಡೆ ನಷ್ಟ.

ಹತ್ತು_ಚಕ್ರ ಅವರೇ, ನಿಮ್ಮ ಮಾತಿನಲ್ಲಿ ಒಂದು ಒಳ್ಳೆಯ ಸುಳಿವಿದೆ. ಮುಳ್ಳು ಲೋಡ್ ಜೊತೆ ಏರುತ್ತದೆ, ಇಳಿಜಾರಿನಲ್ಲಿ ಇಳಿಯುತ್ತದೆ ಅಂದಿರಿ. ಥರ್ಮೋಸ್ಟಾಟ್ ಕೆಲಸವೇ ಆ ಏರಿಳಿತವನ್ನು ತಡೆಯುವುದು. ಬಿಸಿ ಕಡಿಮೆ ಇದ್ದರೂ ಒಂದೇ ಕಡೆ ಅಲುಗಾಡದೆ ನಿಂತಿದ್ದರೆ ನಾನು ಕಡಿಮೆ ಡಿಗ್ರಿಯ ವಾಲ್ವ್ ಹಾಕಿದ್ದಾರೆ ಅಂತಲೋ, ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತಲೋ ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ. ಕೂಲೆಂಟ್ ಎಲ್ಲೋ ಕಳ್ಳದಾರಿಯಲ್ಲಿ ರೇಡಿಯೇಟರ್‌ಗೆ ಹೋಗುತ್ತಿದೆ.

ತಂತಿ_ಮೀಟರ್

ಗ್ರೀಸ್‌ಕೈ ಅವರ ಮಾತಿಗೆ ನನ್ನ ವಿರೋಧ ಇಲ್ಲ. ಆದರೆ ಬಿಚ್ಚುವ ಮುಂಚೆ ಅಳೆಯಿರಿ. ಎಂಜಿನ್ ನಿಜವಾಗಿ ತಣ್ಣಗಿದೆಯೋ, ಮುಳ್ಳು ಹಾಗೆ ಹೇಳುತ್ತಿದೆಯೋ?

ಕೂಲೆಂಟ್ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ತುಂಬ ಗಾಡಿಗಳಲ್ಲಿ ಬರುವ ಒಂದು ಬಗೆಯ ಲೆಕ್ಕ ಕೊಡುತ್ತೇನೆ. 20 ಡಿಗ್ರಿಯಲ್ಲಿ ಸುಮಾರು 2,500 ಓಮ್. 80ರಲ್ಲಿ ಸುಮಾರು 320. 100ರಲ್ಲಿ ಸುಮಾರು 190. ನಿಮ್ಮ ಎಂಜಿನ್ ಸರಿಯಾಗಿ 88ರಲ್ಲಿದೆ ಅಂದುಕೊಳ್ಳಿ. ಸೆನ್ಸರ್ 260 ಓಮ್ ತೋರಿಸಬೇಕು. ಕನೆಕ್ಟರ್ ಒಳಗೆ ಹಸಿರು ತುಕ್ಕು ಹಿಡಿದು ಇನ್ನೊಂದು 200 ಓಮ್ ಸೇರಿತು. ಈಗ ಗಾಡಿಯ ಕಂಪ್ಯೂಟರ್‌ಗೆ ಕಾಣುವುದು 460. ಅದು 68 ಡಿಗ್ರಿ ಅಂದುಕೊಳ್ಳುತ್ತದೆ. ಎಂಜಿನ್ ಚೆನ್ನಾಗಿದೆ, ಗಾಡಿ ಮಾತ್ರ ಚಳಿಯಲ್ಲಿರುವ ಹಾಗೆ ಡೀಸೆಲ್ ಹೊಡೆಯುತ್ತಿರುತ್ತದೆ. ಅಂದರೆ ತುಕ್ಕು ಹಿಡಿದ ತಂತಿ ಯಾವಾಗಲೂ ತಣ್ಣಗೆ ಅನ್ನುವ ಕಡೆಗೇ ಸುಳ್ಳು ಹೇಳುತ್ತದೆ.

ಹೀಟರ್ ಉಗುರುಬೆಚ್ಚಗಿದೆ ಅಂದಿದ್ದೀರಿ, ಹಾಗಾಗಿ ಸೆನ್ಸರ್ ಒಂದೇ ಕಾರಣ ಇರಲಾರದು. ಆದರೂ ನೋಡಿಬಿಡಿ. ಸ್ಕ್ಯಾನರ್ ಹಾಕಿ ಕಂಪ್ಯೂಟರ್ ಎಷ್ಟು ಅನ್ನುತ್ತದೆ ಬರೆದುಕೊಳ್ಳಿ. ಅದೇ ಹೊತ್ತಿಗೆ ಥರ್ಮೋಸ್ಟಾಟ್ ಹೌಸಿಂಗ್ (ಅದು ಕೂರುವ ಗೂಡು) ಬಿಸಿ ಎಷ್ಟು ಅಂತ ಬೇರೆ ಮೀಟರ್‌ನಲ್ಲಿ ಅಳೆಯಿರಿ.

ಅರ್ಧ_ಕ್ಲಚ್

ಬೇಕಾದಾಗ ಮಾತ್ರ ಫ್ಯಾನ್ ತಿರುಗಿಸುವ ಫ್ಯಾನ್ ಕ್ಲಚ್ ಜಾಮ್ ಆಗಿರಬಹುದು. ಫ್ಯಾನ್ ಸದಾ ತಿರುಗುತ್ತಿದ್ದರೆ ಎಂಜಿನ್ ಕಾಯುವುದಾದರೂ ಹೇಗೆ? ನಮ್ಮ ಗಾಡಿಯಲ್ಲಿ ಇದೇ ಆಗಿತ್ತು, ಕ್ಲಚ್ ಬದಲಿಸಿದ ಮೇಲೆ ಸರಿಹೋಯಿತು.

ಗ್ರೀಸ್‌ಕೈ

ಅರ್ಧ_ಕ್ಲಚ್ ಅವರೇ, ಒಂದು ನಿಮಿಷ ಯೋಚಿಸಿ. ಥರ್ಮೋಸ್ಟಾಟ್ ಸರಿಯಾಗಿ ಮುಚ್ಚಿದ್ದರೆ ರೇಡಿಯೇಟರ್‌ಗೆ ಬಿಸಿ ನೀರೇ ಬರುವುದಿಲ್ಲ. ತಣ್ಣಗಿರುವ ರೇಡಿಯೇಟರ್‌ಗೆ ಫ್ಯಾನ್ ಎಷ್ಟು ಗಾಳಿ ಬೀಸಿದರೇನು? ಫ್ಯಾನ್ ಜಾಮ್ ಆದರೆ ಸದ್ದು ಜಾಸ್ತಿ, ಡೀಸೆಲ್ ಜಾಸ್ತಿ, ಪಿಕಪ್ ಕಡಿಮೆ. ಎಂಜಿನ್ ಇಷ್ಟು ತಣ್ಣಗಾಗಲು ಅದೊಂದೇ ಸಾಲದು. ಥರ್ಮೋಸ್ಟಾಟ್ ಕೂಡ ನೀರು ಬಿಟ್ಟುಕೊಡುತ್ತಿರಬೇಕು. ಹಾಗಿದ್ದಾಗ ಮಾತ್ರ ಫ್ಯಾನ್ ಸೇರಿ ಇನ್ನಷ್ಟು ಕೆಡಿಸುತ್ತದೆ. ನಿಮ್ಮ ಗಾಡಿಯಲ್ಲಿ ಕ್ಲಚ್ ಬದಲಿಸುವಾಗ ಥರ್ಮೋಸ್ಟಾಟನ್ನೂ ಬದಲಿಸಿದ್ದರಾ?

ಅರ್ಧ_ಕ್ಲಚ್

ಬದಲಿಸಿದ್ದರು ಅನ್ನಿಸುತ್ತದೆ. ಆಯಿತು, ಒಪ್ಪಿದೆ.

ಹತ್ತು_ಚಕ್ರ

ಇವತ್ತು ಅಳೆದೆ. ಮೊದಲು ಒಂದು ಪೆದ್ದುತನ ಹೇಳಿಬಿಡುತ್ತೇನೆ. ಗೆಳೆಯನೊಬ್ಬನ ಹತ್ತಿರ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಮೀಟರ್ ಇತ್ತು. ಅಲ್ಯೂಮಿನಿಯಂ ಹೌಸಿಂಗ್‌ಗೆ ಹಿಡಿದರೆ 39 ತೋರಿಸಿತು. ಕೈ ಇಟ್ಟು ನೋಡಿದರೆ ಎರಡು ಸೆಕೆಂಡ್ ಇಡಲು ಆಗುತ್ತಿಲ್ಲ! 39 ಇದ್ದರೆ ಕೈ ಸುಡುತ್ತದಾ?

ತಂತಿ_ಮೀಟರ್

ಪೆದ್ದುತನ ಅಲ್ಲ, ಎಲ್ಲರೂ ಒಮ್ಮೆ ಬೀಳುವ ಹಳ್ಳ ಅದು. ಹೊಳೆಯುವ ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಸೂಸುವುದಿಲ್ಲ, ಸುತ್ತಲಿನದನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಮೀಟರ್ ಕಡಿಮೆ ತೋರಿಸುತ್ತದೆ. ಅಲ್ಲೊಂದು ಚೂರು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಒಂದೆರಡು ನಿಮಿಷ ಬಿಟ್ಟು ಟೇಪ್ ಮೇಲೇ ಹಿಡಿಯಿರಿ. ಇಲ್ಲದಿದ್ದರೆ ಕಪ್ಪು ರಬ್ಬರ್ ಹೋಸ್ ಹೌಸಿಂಗ್‌ಗೆ ಸೇರುವ ಜಾಗಕ್ಕೆ ಹಿಡಿಯಿರಿ. ಫ್ಯಾನ್ ಬೆಲ್ಟ್‌ನಿಂದ ಕೈ, ತೋಳು, ಮೀಟರ್ ದಾರ ಎಲ್ಲ ದೂರ ಇರಲಿ.

ಹತ್ತು_ಚಕ್ರ

ಟೇಪ್ ಅಂಟಿಸಿ ನೋಡಿದೆ. ಅರ್ಧ ಗಂಟೆ ಖಾಲಿ ಗಾಡಿ ಓಡಿಸಿ ಬಂದ ಮೇಲೆ ಟೇಪ್ ಮೇಲೆ 63, ಸ್ಕ್ಯಾನರ್‌ನಲ್ಲಿ 64. ಲೋಡ್ ಹಾಕಿ ಏರು ಹತ್ತಿಸಿದಾಗ ಸ್ಕ್ಯಾನರ್ 77ರ ತನಕ ಹೋಯಿತು. ಇಳಿಜಾರಿನಲ್ಲಿ ನಾಲ್ಕೇ ನಿಮಿಷಕ್ಕೆ 52.

ಅಂದರೆ ಸೆನ್ಸರ್ ನಿಜ ಹೇಳುತ್ತಿದೆ. ಎಂಜಿನ್ ತಣ್ಣಗಿರುವುದೇ ನಿಜ.

ಗ್ರೀಸ್‌ಕೈ

ಚಂದ. ಈಗ ನಿಮ್ಮ ಅಂಕಿಗಳನ್ನೇ ಓದೋಣ.

ಹಾಕಿಸಿರುವ ಥರ್ಮೋಸ್ಟಾಟ್ ಎಷ್ಟು ಡಿಗ್ರಿಯದು? ಲಾರಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 82ರ ಆಸುಪಾಸಿನಲ್ಲಿ ತೆರೆಯಲು ಶುರುಮಾಡಿ, 95ರ ಹತ್ತಿರ ಪೂರ್ತಿ ತೆರೆಯುತ್ತವೆ. ವಾಲ್ವ್ ಮೇಲೇ ಅಂಕಿ ಒತ್ತಿರುತ್ತಾರೆ. ನಿಮ್ಮದು 82ರದ್ದಾದರೆ, 77 ಅಂದರೆ ವಾಲ್ವ್ ಇನ್ನೂ ಬಾಯಿಯೇ ಬಿಟ್ಟಿಲ್ಲ. ಆದರೂ ಲೋಡ್‌ನಲ್ಲಿ ಹುಟ್ಟಿದ ಅಷ್ಟೂ ಬಿಸಿ ಎಲ್ಲೋ ಹೋಗುತ್ತಿದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಎಂಜಿನ್‌ಗೆ ಡೀಸೆಲ್ಲೇ ಹೋಗುವುದಿಲ್ಲ, ಬಿಸಿ ಹುಟ್ಟುವುದೇ ಇಲ್ಲ. ಎಂಜಿನ್ ಗಾಳಿ ಪಂಪ್ ಥರ ಸುಮ್ನೆ ತಿರುಗುತ್ತಿರುತ್ತದೆ. ಆಗ ನಾಲ್ಕು ನಿಮಿಷಕ್ಕೆ 52ಕ್ಕೆ ಇಳಿಯಬೇಕಾದರೆ ಕೂಲೆಂಟ್ ರೇಡಿಯೇಟರ್‌ಗೆ ಧಾರಾಳವಾಗಿ ಹೋಗುತ್ತಿದೆ. ವಾಲ್ವ್ ಪೂರ್ತಿ ಮುಚ್ಚಿರುವ ಎಂಜಿನ್ ಇಷ್ಟು ಬೇಗ ಆರುವುದಿಲ್ಲ.

ನಾಳೆ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಮುಟ್ಟುತ್ತಿರಿ. ಎಂಜಿನ್ 80 ಮುಟ್ಟುವ ತನಕ ಆ ಹೋಸ್‌ನ ರೇಡಿಯೇಟರ್ ಕಡೆಯ ತುದಿ ಹೆಚ್ಚುಕಡಿಮೆ ತಣ್ಣಗೇ ಇರಬೇಕು. ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಎಂಜಿನ್ ಜೊತೆಗೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಒಳಗೊಳಗೇ ಸೋರಿಕೆ ಖಚಿತ.

ಹೊಸ_ಸ್ಟೇರಿಂಗ್

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು ಹೊಸ ಗಾಡಿ, ಸೈಲೆನ್ಸರ್‌ನಲ್ಲಿ ಹೊಗೆ ಫಿಲ್ಟರ್ ಇರುವಂಥದ್ದು. ಪಿ0128 ಅಂತ ಕೋಡ್ ಬಂದಿದೆ. ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನಾಗಿ ಸುಟ್ಟುಕೊಳ್ಳುವುದೂ ನಿಂತಿದೆ. ಎರಡಕ್ಕೂ ಸಂಬಂಧ ಇದೆಯಾ? ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟರೆ ನನ್ನದೂ 70 ದಾಟುವುದಿಲ್ಲ.

ತಂತಿ_ಮೀಟರ್

ಇದೆ. ಪಿ0128 ಅಂದರೆ ಕೂಲೆಂಟ್ ಥರ್ಮೋಸ್ಟಾಟ್‌ನ ಡಿಗ್ರಿ ಮುಟ್ಟುತ್ತಿಲ್ಲ ಅಂತ. ಇಷ್ಟು ಹೊತ್ತು ಓಡಿದ ಮೇಲೆ ಇಷ್ಟು ಬಿಸಿ ಬರಬೇಕಿತ್ತು ಅಂತ ಕಂಪ್ಯೂಟರ್ ಲೆಕ್ಕ ಇಟ್ಟಿರುತ್ತದೆ. ಬರದಿದ್ದರೆ ಈ ಕೋಡ್. ಎಂಜಿನ್ ಬಿಸಿಯಾಗದಿದ್ದರೆ ಫಿಲ್ಟರ್ ಸುಡುವ ಕೆಲಸಕ್ಕೆ ಕಂಪ್ಯೂಟರ್ ಒಪ್ಪುವುದಿಲ್ಲ. ಮಸಿ ತುಂಬುತ್ತಾ ಹೋಗುತ್ತದೆ. ಥರ್ಮೋಸ್ಟಾಟ್ ಮೊದಲು ಸರಿಮಾಡಿ, ಫಿಲ್ಟರ್ ಆಮೇಲೆ. ಉಲ್ಟಾ ಮಾಡಿದರೆ ಹೊಸ ಫಿಲ್ಟರೂ ಕಟ್ಟಿಕೊಳ್ಳುತ್ತದೆ.

ಆದರೆ ಐಡಲ್‌ನಲ್ಲಿ 70 ಅನ್ನುವುದನ್ನು ಮಾತ್ರ ದೋಷ ಅನ್ನಬೇಡಿ. ಐಡಲ್‌ನಲ್ಲಿ ಡೀಸೆಲ್ ಎಂಜಿನ್ ಉರಿಸುವುದು ತೀರಾ ಕಡಿಮೆ. ಅಷ್ಟು ದೊಡ್ಡ ಕಬ್ಬಿಣದ ಬ್ಲಾಕ್ ಕಾಯಲು ಅದು ಸಾಲದು. ಚೆನ್ನಾಗಿರುವ ಗಾಡಿಯೂ ಚಳಿಯಲ್ಲಿ ನಿಂತಲ್ಲೇ ಬಿಟ್ಟರೆ ಇಳಿಯುತ್ತದೆ. ಓಡಿಸುವಾಗ ಎಷ್ಟು ಅನ್ನುವುದೇ ಮುಖ್ಯ.

ರಾತ್ರಿ_ಪಾಳಿ

ಚಳಿಗಾಲದಲ್ಲಿ ನಾನು ರೇಡಿಯೇಟರ್ ಮುಂದೆ ರಟ್ಟು ಕಟ್ಟುತ್ತೇನೆ. ಮುಳ್ಳು ನಡುವಿಗೆ ಬರುತ್ತದೆ. ಖರ್ಚೇ ಇಲ್ಲ.

ಗ್ರೀಸ್‌ಕೈ

ಸೊನ್ನೆಗಿಂತ ಕೆಳಗೆ ಇಳಿಯುವ ಚಳಿಯಲ್ಲಿ ಅದಕ್ಕೆ ಅರ್ಥ ಇದೆ. ಆಗಲೂ ಪೂರ್ತಿ ಮುಚ್ಚಬಾರದು. ರೇಡಿಯೇಟರ್ ಮುಂದೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರುತ್ತದೆ. ರಟ್ಟು ಅದನ್ನೂ ಮುಚ್ಚುತ್ತದೆ. ಎಂಜಿನ್‌ಗೆ ಬಿಸಿ ಗಾಳಿ ಹೋಗುತ್ತದೆ, ಲೋಡ್ ಇದ್ದಾಗ ಪಿಸ್ಟನ್‌ಗೂ ಟರ್ಬೊಗೂ ಅದು ಭಾರ. ಒಂದೇ ಕಡೆ ಮುಚ್ಚಿದರೆ ಫ್ಯಾನ್ ಎಲೆಗಳ ಮೇಲೆ ಒತ್ತಡವೂ ಏರುಪೇರಾಗುತ್ತದೆ. ಮಧ್ಯದಲ್ಲಿ ಗಾಳಿಗೆ ಜಾಗ ಬಿಟ್ಟು ಎರಡೂ ಕಡೆ ಸಮನಾಗಿ ಮುಚ್ಚಬೇಕು. ಇನ್ನು ಸೋರುವ ಥರ್ಮೋಸ್ಟಾಟ್‌ಗೆ ರಟ್ಟು ಕಟ್ಟುವುದು ಜ್ವರಕ್ಕೆ ಥರ್ಮಾಮೀಟರ್ ಒರೆಸಿದ ಹಾಗೆ.

ಹತ್ತು_ಚಕ್ರ

ಹೋಸ್ ಮುಟ್ಟಿ ನೋಡಿದೆ. ಸ್ಕ್ಯಾನರ್‌ನಲ್ಲಿ 40 ಇರುವಾಗಲೇ ಮೇಲಿನ ಹೋಸ್‌ನ ರೇಡಿಯೇಟರ್ ತುದಿ ಬೆಚ್ಚಗಾಗಿತ್ತು. 55ಕ್ಕೆ ಬರುವ ಹೊತ್ತಿಗೆ ಚೆನ್ನಾಗಿ ಬಿಸಿ. ಸೋರಿಕೆಯೇ.

ಹಾಗಾದರೆ ಹೊಸ ಥರ್ಮೋಸ್ಟಾಟೇ ಕೆಟ್ಟದ್ದಾ? ಒಂದು ವಾರ ಆಗಿಲ್ಲ ಹಾಕಿಸಿ!

ಗ್ರೀಸ್‌ಕೈ

ಆಗಬಾರದು ಅಂತಿಲ್ಲ. ಆದರೆ ಅದನ್ನು ಬೈಯುವ ಮೊದಲು ಪರೀಕ್ಷೆ ಮಾಡಿ. ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಮುಖಕ್ಕೇ ಹೊಡೆಯುತ್ತದೆ, ಇದರಲ್ಲಿ ಧೈರ್ಯ ತೋರಿಸಬೇಡಿ. ಕೂಲೆಂಟನ್ನು ಶುಚಿಯಾದ ಕ್ಯಾನ್‌ಗೆ ಇಳಿಸಿ. ನೆಲಕ್ಕೆ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ಮಕ್ಕಳಿಗೂ ವಿಷವೇ.

ಥರ್ಮೋಸ್ಟಾಟ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗ ವಾಲ್ವ್ ಸುತ್ತ ಬೆಳಕು ಕಾಣಬಾರದು. ಗಾಳಿ ಹೋಗಲು ಚಿಕ್ಕ ತೂತು, ಅದರಲ್ಲಿ ಅಲುಗಾಡುವ ಪಿನ್ ಇದ್ದರೆ ಅದು ಲೆಕ್ಕಕ್ಕಿಲ್ಲ. ಹಾಕುವಾಗ ಆ ಪಿನ್ ಮೇಲ್ಗಡೆ ಬರಬೇಕು ಅಷ್ಟೆ. ಆಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತೇಲಾಡುವ ಹಾಗೆ ಬಿಡಿ. ತಳ ಮುಟ್ಟಿದರೆ ತಳದ ಬಿಸಿಗೆ ಬೇಗ ತೆರೆದು ಮೋಸ ಮಾಡುತ್ತದೆ. ಥರ್ಮಾಮೀಟರ್ ಕೂಡ ತಳ ಮುಟ್ಟದಿರಲಿ. ನೀರು ಕಲಕುತ್ತಾ ಎಷ್ಟಕ್ಕೆ ಬಾಯಿ ಬಿಡುತ್ತದೆ ನೋಡಿ. ಆರುವಾಗ ಪೂರ್ತಿ ಮುಚ್ಚುತ್ತದೆಯೇ ಅನ್ನುವುದನ್ನೂ ನೋಡಿ. ಒಳಗಿರುವುದು ಮೇಣ. ಅದು ಕರಗಿ ಹಿಗ್ಗಿದಾಗ ಕಡ್ಡಿಯನ್ನು ತಳ್ಳುತ್ತದೆ, ಆರಿದಾಗ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ನಿಧಾನದ ಪ್ರಾಣಿ, ಅವಸರ ಮಾಡಬೇಡಿ.

ಮತ್ತೆ, ನಿಮ್ಮ ಎಂಜಿನ್‌ನಲ್ಲಿ ಒಂದೇ ಥರ್ಮೋಸ್ಟಾಟಾ, ಎರಡಾ? ಕೆಲವು ದೊಡ್ಡ ಎಂಜಿನ್‌ಗಳಲ್ಲಿ ಅಕ್ಕಪಕ್ಕ ಎರಡಿರುತ್ತವೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತ ಕೇಸು ನಾನೇ ಎರಡು ನೋಡಿದ್ದೇನೆ. ಒಂದರಲ್ಲಿ ಮರೆತವನು ನಾನೇ.

ಹತ್ತು_ಚಕ್ರ

ನನ್ನದರಲ್ಲಿ ಒಂದೇ. ಬಿಚ್ಚಿ ಪಾತ್ರೆಗೆ ಹಾಕಿದೆ. ಮನೆಯವರು ಅಡುಗೆ ಪಾತ್ರೆ ಮುಟ್ಟಲು ಬಿಡಲಿಲ್ಲ, ಹಳೆಯ ಪೇಂಟ್ ಡಬ್ಬಿಯಲ್ಲಿ ಮಾಡಿದೆ. 82 ಅಂತ ಒತ್ತಿದೆ. 83ಕ್ಕೆ ಸಣ್ಣಗೆ ಬಾಯಿ ಬಿಟ್ಟಿತು. 94ಕ್ಕೆ ಪೂರ್ತಿ. ಆರಿದ ಮೇಲೆ ಗಟ್ಟಿಯಾಗಿ ಮುಚ್ಚಿತು, ಬೆಳಕು ಕಾಣಲಿಲ್ಲ. ಹಳೆಯದನ್ನೂ ಎಸೆದಿರಲಿಲ್ಲ, ಅದನ್ನೂ ಹಾಕಿ ನೋಡಿದೆ. ಅದೂ ಸರಿಯಾಗಿಯೇ ಇದೆ! ಸುಮ್ನೆ ದುಡ್ಡು ದಂಡ.

ಈಗ ನಿಜಕ್ಕೂ ತಲೆ ಕೆಟ್ಟಿದೆ. ವಾಲ್ವ್ ಸರಿ, ಆದರೂ ಸೋರುತ್ತದೆ. ಹೇಗೆ?

ರಾತ್ರಿ_ಪಾಳಿ

ಬಾಗಿಲು ಗಟ್ಟಿಯಾಗಿದೆ, ಚೌಕಟ್ಟು ನೋಡಿದಿರಾ?

ಗ್ರೀಸ್‌ಕೈ

ರಾತ್ರಿ_ಪಾಳಿಯವರು ಒಂದೇ ಸಾಲಿನಲ್ಲಿ ಹೇಳಿಬಿಟ್ಟರು. ನಾನು ಒಂದು ಪುಟ ಬರೆಯುತ್ತಿದ್ದೆ.

ಥರ್ಮೋಸ್ಟಾಟ್ ಒಳಗಿನ ವಾಲ್ವ್ ಮುಚ್ಚಿದರೆ ಸಾಲದು. ಅದರ ಹೊರಗಿನಿಂದಲೂ ನೀರು ನುಸುಳಬಾರದು. ಕೆಲವು ಎಂಜಿನ್‌ಗಳಲ್ಲಿ ಅಂಚಿಗೆ ರಬ್ಬರ್ ರಿಂಗ್ ಇರುತ್ತದೆ. ಅದು ಮಡಚಿಕೊಂಡರೆ ಸೋರುತ್ತದೆ. ಕೊಳವೆ ಥರದ ಉದ್ದ ಥರ್ಮೋಸ್ಟಾಟ್ ಆದರೆ ಹೌಸಿಂಗ್ ಒಳಗೆ ತುಟಿ ಇರುವ ಒಂದು ಸೀಲ್ ಒತ್ತಿ ಕೂರಿಸಿರುತ್ತಾರೆ. ಥರ್ಮೋಸ್ಟಾಟ್ ಆ ಸೀಲ್ ಒಳಗೆ ಜಾರುತ್ತದೆ. ನೋಡಿದರೆ ಹೌಸಿಂಗ್‌ನ ಭಾಗವೇ ಅನ್ನಿಸುತ್ತದೆ, ಹಾಗಾಗಿ ಥರ್ಮೋಸ್ಟಾಟ್ ಬದಲಿಸುವವರು ಅದನ್ನು ಮುಟ್ಟುವುದೇ ಇಲ್ಲ. ನಿಮ್ಮದು ಯಾವ ಥರ?

ಎರಡನೆಯದಾಗಿ, ಹೌಸಿಂಗ್‌ನಿಂದ ಕೂಲೆಂಟ್ ಟ್ಯಾಂಕ್‌ಗೋ ರೇಡಿಯೇಟರ್ ತಲೆಗೋ ಹೋಗುವ ಸಣ್ಣ ಗಾಳಿ ಪೈಪ್ ನೋಡಿ. ಅದರ ಬಾಯಲ್ಲಿ ಸೂಜಿಯಷ್ಟೇ ತೂತಿನ ಒಂದು ಜೆಟ್ ಇರಬೇಕು. ಯಾರೋ ಕಟ್ಟಿಕೊಂಡಿದೆ ಅಂತ ಡ್ರಿಲ್ ಹಾಕಿ ದೊಡ್ಡದು ಮಾಡಿರುತ್ತಾರೆ, ಇಲ್ಲವೇ ಪೈಪ್ ಬದಲಿಸುವಾಗ ಜೆಟ್ಟೇ ಬಿಟ್ಟುಹೋಗಿರುತ್ತದೆ. ಆಗ ಅದೇ ಇನ್ನೊಂದು ಬಾಗಿಲು.

ಹತ್ತು_ಚಕ್ರ

ಕೊಳವೆ ಥರದ್ದೇ. ಟಾರ್ಚ್ ಹಾಕಿ ನೋಡಿದೆ. ಸೀಲ್ ಇದೆ. ಬೆರಳು ಆಡಿಸಿದರೆ ಒಂದು ಕಡೆ ತುಟಿಯೇ ಇಲ್ಲ, ಕಾಲು ಭಾಗ ಹರಿದು ಹೋಗಿದೆ. ಉಳಿದದ್ದು ಕಲ್ಲಿನ ಹಾಗೆ ಗಟ್ಟಿ. ಹರಿದ ಚೂರು ಮಾತ್ರ ಸಿಗಲಿಲ್ಲ.

ಗ್ರೀಸ್‌ಕೈ

ಸಿಕ್ಕ! ಇವನೇ ಕಳ್ಳ.

ಹಳೆಯ ಸೀಲನ್ನು ಸ್ಕ್ರೂ ಡ್ರೈವರ್‌ನಿಂದ ಮೀಟಿ ತೆಗೆಯುವಾಗ ಹೌಸಿಂಗ್ ಗೋಡೆಗೆ ಗೀರು ಬೀಳದಂತೆ ನೋಡಿಕೊಳ್ಳಿ. ಹೊಸದನ್ನು ಸುತ್ತಿಗೆಯಲ್ಲಿ ಬಡಿಯಬೇಡಿ. ಸೀಲ್‌ನ ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಸಮನಾಗಿ ಒತ್ತಿ. ತುಟಿಯ ದಿಕ್ಕು ಮುಖ್ಯ. ಉಲ್ಟಾ ಕೂತರೆ ಒತ್ತಡ ಬಂದಾಗ ತುಟಿ ಬಿಗಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಹಳೆಯದು ಹೇಗಿತ್ತು ಅಂತ ತೆಗೆಯುವ ಮೊದಲೇ ಫೋಟೊ ಹಿಡಿಯಿರಿ, ಎಂಜಿನ್ ಮ್ಯಾನ್ಯುಯಲ್‌ನಲ್ಲೂ ನೋಡಿ. ಹಳೆಯದನ್ನೇ ಯಾರಾದರೂ ಉಲ್ಟಾ ಹಾಕಿರಬಹುದಲ್ಲ. ಥರ್ಮೋಸ್ಟಾಟ್ ಜಾರಿಸುವ ಮುಂಚೆ ತುಟಿಗೆ ಸ್ವಲ್ಪ ಕೂಲೆಂಟ್ ಸವರಿ. ಗ್ರೀಸ್ ಬೇಡ. ಕೈ ಹೆಸರಲ್ಲೇ ಗ್ರೀಸ್ ಇರುವ ನಾನೇ ಹೇಳುತ್ತಿದ್ದೇನೆ.

ಕಾಣೆಯಾದ ಚೂರನ್ನು ಮೇಲಿನ ಹೋಸ್ ಒಳಗೆ ಹುಡುಕಿ. ಕೂಲೆಂಟ್ ವಾಪಸ್ ತುಂಬುವಾಗ ನಿಧಾನ. ಕ್ಯಾಬಿನ್ ಹೀಟರ್ ವಾಲ್ವ್ ತೆರೆದಿರಲಿ, ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಸಡಿಲಿಸಿ. ಒಳಗೆ ಗಾಳಿ ನಿಂತರೆ ಸೆನ್ಸರ್ ಗಾಳಿಯಲ್ಲಿ ಕೂತು ಮತ್ತೆ ತಣ್ಣಗೆ ಅನ್ನುತ್ತದೆ, ನೀವು ಮತ್ತೆ ಇಲ್ಲಿಗೆ ಬರುತ್ತೀರಿ.

ಹತ್ತು_ಚಕ್ರ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೊದಲ ಸೀಲ್ ನಾನೇ ಓರೆಯಾಗಿ ಒತ್ತಿ ಹಾಳುಮಾಡಿದೆ. ಎರಡನೆಯದು ಸರಿಯಾಗಿ ಕೂತಿತು. ಹರಿದ ಚೂರು ರೇಡಿಯೇಟರ್ ಬಾಯಲ್ಲೇ ಸಿಕ್ಕಿಕೊಂಡಿತ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೋಸ್ ಹಿಡಿದು ಕೂತೆ. 60, 70, 78. ಹೋಸ್ ತಣ್ಣಗೇ ಇದೆ. 84ಕ್ಕೆ ಕೈಯೊಳಗೇ ಬಿಸಿ ಹರಿದು ಬಂತು. ನಿಜ ಹೇಳಬೇಕೆಂದರೆ ಕುಣಿಯುವ ಹಾಗಾಯಿತು. ಈಗ ಖಾಲಿ ಗಾಡಿಯಲ್ಲಿ 85, ಲೋಡ್‌ನಲ್ಲಿ 89. ಇಳಿಜಾರಿನಲ್ಲೂ 80ರ ಕೆಳಗೆ ಇಳಿದಿಲ್ಲ. ಹೀಟರ್ ಹಾಕಿದರೆ ಐದು ನಿಮಿಷಕ್ಕೆ ಆಫ್ ಮಾಡಬೇಕು.

ಒಂದೇ ಕೊರತೆ. ಸ್ಕ್ಯಾನರ್ 88 ಅಂದರೂ ಡ್ಯಾಶ್‌ಬೋರ್ಡ್ ಮುಳ್ಳು ನಡುವಿಗಿಂತ ಕೆಳಗೇ ನಿಂತಿದೆ. ಮೊದಲು 88ಕ್ಕೆ ಸರಿಯಾಗಿ ನಡುವಿನಲ್ಲಿರುತ್ತಿತ್ತು.

ತಂತಿ_ಮೀಟರ್

ಕೊನೆಗೂ ನನ್ನ ಸರದಿ ಬಂತು. ಆ ವಯಸ್ಸಿನ ಗಾಡಿಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರ್‌ಗೆ ಇನ್ನೊಂದು ಇರುವುದುಂಟು. ಮುಳ್ಳಿನ ಸೆನ್ಸರ್‌ಗೆ ಒಂದೇ ವೈರ್ ಇದೆಯಾ? ಹೋದ ವಾರ ಅದನ್ನು ಯಾರಾದರೂ ಬಿಚ್ಚಿದ್ದರಾ?

ಹತ್ತು_ಚಕ್ರ

ಒಂದೇ ವೈರ್. ಥರ್ಮೋಸ್ಟಾಟ್ ಹಾಕಿದವರು ಬಿಚ್ಚಿದ್ದರು. ಸೋರಬಾರದು ಅಂತ ಥ್ರೆಡ್‌ಗೆ ಬಿಳಿ ಟೇಪ್ ಚೆನ್ನಾಗಿ ಸುತ್ತಿದ್ದಾರೆ.

ತಂತಿ_ಮೀಟರ್

ಆ ಟೇಪೇ. ಒಂದೇ ವೈರಿನ ಸೆನ್ಸರ್‌ಗೆ ಅರ್ತ್ ಸಿಗುವುದು ಥ್ರೆಡ್‌ನಿಂದಲೇ. ಟೇಪ್ ನಡುವೆ ಬಂದರೆ ಅರ್ತ್ ಸರಿಯಾಗಿ ಸಿಗುವುದಿಲ್ಲ, ರೆಸಿಸ್ಟೆನ್ಸ್ ಏರುತ್ತದೆ, ಮುಳ್ಳು ಇಳಿಯುತ್ತದೆ. ಟೇಪ್ ಪೂರ್ತಿ ಕೆರೆದು ತೆಗೆದು ಸೆನ್ಸರ್ ಜೊತೆ ಬರುವ ತಾಮ್ರದ ವಾಷರ್ ಹಾಕಿ ಬಿಗಿಯಿರಿ.

ಹತ್ತು_ಚಕ್ರ

ಮುಳ್ಳು ನಡುವಿಗೆ ಬಂತು. ಗುರುಗಳೇ, ಕೈ ಮುಗಿದೆ ಇಬ್ಬರಿಗೂ.

ಗ್ರೀಸ್‌ಕೈ

ಕೈ ಮುಗಿಯುವ ಮುಂಚೆ ಡಿಪ್‌ಸ್ಟಿಕ್ ಎಳೆಯಿರಿ. ಒಂದು ತಿಂಗಳು ತಣ್ಣಗೆ ಓಡಿದೆ. ಆಯಿಲ್ ಲೆವೆಲ್ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಸರ್ವಿಸ್ ದಿನ ನೋಡಬೇಡಿ. ಆಯಿಲೂ ಫಿಲ್ಟರೂ ಬದಲಿಸಿ.

ಹತ್ತು_ಚಕ್ರ

ಲೆವೆಲ್ ಏರಿಲ್ಲ, ಆದರೆ ವಾಸನೆ ಸ್ವಲ್ಪ ಇದೆ. ಭಾನುವಾರ ಬದಲಿಸುತ್ತೇನೆ.

ಲೋಡ್‌ಗಾಡಿ

ಎಲ್ಲರೂ ಮಾತಾಡುತ್ತಿದ್ದರಲ್ಲ ಅಂತ ನಾನೂ ಈಗ ಡಿಪ್‌ಸ್ಟಿಕ್ ಎಳೆದೆ. ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ. ಬೆರಳಿಗೆ ಸವರಿದರೆ ನೀರಿನ ಹಾಗೆ ಓಡುತ್ತದೆ. ಆಯಿಲ್ ಕುಡಿಯದ ಗಾಡಿ ಅಂತ ಮೂರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಗ್ರೀಸ್‌ಕೈ

ಗಾಡಿ ಸ್ಟಾರ್ಟ್ ಮಾಡಬೇಡಿ. ಮೊದಲು ಆಯಿಲ್ ಇಳಿಸಿ. ಅಷ್ಟು ಏರಿದ್ದರೆ ಥರ್ಮೋಸ್ಟಾಟ್ ಇಲ್ಲದ್ದೊಂದೇ ಕಾರಣ ಅಂತ ನಾನು ಹೇಳಲಾರೆ. ಇಂಜೆಕ್ಟರ್ ಸೋರುತ್ತಿರಬಹುದು, ಪಂಪ್ ಸೀಲ್ ಹೋಗಿರಬಹುದು, ಎರಡನ್ನೂ ನೋಡಿಸಿ. ಹೌಸಿಂಗ್ ಬಿಚ್ಚಿ ಒಳಗಿನ ಫೋಟೊ ಹಾಕಿ, ಸೀಲ್ ಇರುವ ಥರದ್ದಾ ಅಂತ ನೋಡೋಣ.

ಲೋಡ್‌ಗಾಡಿ

ಬಿಚ್ಚುತ್ತಿದ್ದೇನೆ. ಆ ಸಾಕೆಟ್ ಎಷ್ಟು ಸೈಜಿನದು ಬೇಕು?